ಒಂದು ವಾರ ಮೊದಲೇ ಹೊರಗಾದವಳು

ಗೊಂಯ್ ಎನ್ನುವ ಸದ್ದು. ಓಣಿಯ ಹಿಂದಿನ ಅಕ್ಕಿ ಗಿರಣಿಯಲ್ಲಿ ಹೊಟ್ಟು ಊದುವ ಯಂತ್ರ ಶುರುವಾಯಿತೆಂದರೆ ರಾಯಚೂರಿನ ಆ ಭಾಗಕ್ಕೆ ಬೆಳಗಾಯಿತೆಂದೇ ಅರ್ಥ. ಹೊಸದಾಗಿ ಬಾಡಿಗೆಗೆ ಬಂದವರು ಕೆಲವು ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡುತ್ತಾರೆ, ಆಮೇಲೆ ಸದ್ದನ್ನೂ ಹತ್ತಿಯನ್ನೂ ಮರೆಯುತ್ತಾರೆ. ಹನುಮಂತಮ್ಮ ದೇವದುರ್ಗದಿಂದ ಆ ಓಣಿಗೆ ಸೊಸೆಯಾಗಿ ಬಂದು ಬಹಳ ವರ್ಷಗಳಾದವು. ತಿಂಗಳಲ್ಲಿ ಮೂರು ವಾರ ಆಕೆಗೆ ಆ ಸದ್ದು ಕೇಳಿಸುವುದೇ ಇಲ್ಲ. ನಾಲ್ಕನೆಯ ವಾರದಲ್ಲಿ ಒಂದು ಮುಂಜಾನೆ ಕಣ್ಣು ಬಿಟ್ಟ ಕೂಡಲೇ ಕೇಳಿಸುತ್ತದೆ. ಗಿರಣಿಯಲ್ಲಲ್ಲ, ತಲೆಯೊಳಗೆ. ಬಂತು ಎಂದು ಆಕೆಗೆ ತಿಳಿಯುತ್ತದೆ.

ಬಂದದ್ದು ಏನು ಎಂಬುದಕ್ಕೆ ಮನೆಯಲ್ಲಿ ಸರಿಯಾದ ಹೆಸರಿರಲಿಲ್ಲ. ಗಂಡ ದುರುಗೇಶ ‘ಆ ವಾರ’ ಎನ್ನುತ್ತಿದ್ದ. ಅವನದು ಆಟೊ. ಆ ವಾರ ಬಂತೆಂದರೆ ಅವನಿಗೆ ಇದ್ದಕ್ಕಿದ್ದಂತೆ ಶಕ್ತಿನಗರದ ಬಾಡಿಗೆಗಳು, ದೇವಸುಗೂರಿನ ಬಾಡಿಗೆಗಳು, ಅಲ್ಲಿಂದ ಮುಂದೆ ತೆಲಂಗಾಣದ ಗಡಿಯ ತನಕದ ಬಾಡಿಗೆಗಳು ಸಿಗುತ್ತಿದ್ದವು. ಉಳಿದ ದಿನಗಳಲ್ಲಿ ಸ್ಟೇಷನ್ನಿನಿಂದ ಗಂಜಿನ ಮಾರುಕಟ್ಟೆಯ ತನಕ ಹೋಗಲು ಪೆಟ್ರೋಲ್ ಸಾಲುವುದಿಲ್ಲ ಎನ್ನುವ ಮನುಷ್ಯ ಅವನೇ.

ಆ ವಾರದಲ್ಲಿ ಹನುಮಂತಮ್ಮನಿಗೆ ಮೊದಲು ಸಿಟ್ಟು ಬರುತ್ತಿತ್ತು. ಮಗಳ ಜಡೆಯ ರಿಬ್ಬನ್ನು ಸಡಿಲವಾದದ್ದು, ಮಗ ರೊಟ್ಟಿಯ ಅಂಚು ಬಿಟ್ಟದ್ದು, ಅತ್ತೆ ಬೂದೆಮ್ಮ ಕೆಮ್ಮಿದ್ದು, ಎಲ್ಲವೂ ತನಗೆ ಬೇಕೆಂದೇ ಮಾಡಿದ ದ್ರೋಹದಂತೆ ಕಾಣುತ್ತಿತ್ತು. ಸಿಟ್ಟಿನ ಹಿಂದೆ ಅಳು. ಚಹಾ ಕಪ್ಪಿನ ತಳದಲ್ಲಿ ಕರಗದೆ ಉಳಿದ ಸಕ್ಕರೆ ಕಂಡು ಒಮ್ಮೆ ಒಲೆಯ ಮುಂದೆ ಕುಳಿತು ಅತ್ತಿದ್ದಳು. ಅಳುವಿನ ಹಿಂದೆ ಯಾವುದೂ ಇಲ್ಲದ ಒಂದು ಬೂದು ಬಣ್ಣದ ಮೌನ. ಈ ವಾರವೊಂದು ಇಲ್ಲದಿದ್ದರೆ ಎಂದು ಶುರುವಾದ ಯೋಚನೆ ಆ ಮೌನದೊಳಗೆ ನಾನೇ ಇಲ್ಲದಿದ್ದರೆ ಎಂದು ತಿರುಗಿಕೊಳ್ಳುತ್ತಿತ್ತು. ರೈಲಿನ ಸೇತುವೆ ಹತ್ತುವಾಗ ಆಕೆ ಕಂಬಿ ಹಿಡಿದುಕೊಂಡೇ ನಡೆಯುತ್ತಿದ್ದಳು. ಹಳಿಗಳ ಕಡೆ ನೋಡುತ್ತಿರಲಿಲ್ಲ.

ಆಮೇಲೆ ಒಂದು ದಿನ ಮುಟ್ಟು. ಅಂದು ಮಧ್ಯಾಹ್ನದೊಳಗೆ ಯಾರೋ ಕಿಟಕಿ ತೆರೆದಂತೆ. ಗಿರಣಿಯ ಸದ್ದು ಗಿರಣಿಗೆ ವಾಪಸಾಗುತ್ತಿತ್ತು. ಮಗಳ ಜಡೆ ಚೆಂದ ಕಾಣುತ್ತಿತ್ತು. ಅತ್ತೆಯ ಕೆಮ್ಮು ಬರೀ ಕೆಮ್ಮಾಗುತ್ತಿತ್ತು.

ಸರಿಯಾಗಿ ಆಗ, ಕೈಕಾಲು ಹಗುರಾಗಿ, ಹತ್ತು ಮನೆಯ ಕೆಲಸ ಮಾಡುತ್ತೇನೆ ಎನ್ನುವಷ್ಟು ಹುರುಪಾದಾಗ, ಬೂದೆಮ್ಮ ಚಾಪೆ ತಂದು ಮೂಲೆಗೆ ಹಾಸುತ್ತಿದ್ದಳು.

“ಹೊರಗಾಗೀಯಲ್ಲ, ಸುಮ್ಮ ಕುಂಡ್ರು ಬೇ. ಏನೂ ಮುಟ್ಟಬ್ಯಾಡ. ಮೂರ್ ದಿನ ಆರಾಮ ಮಾಡು.”

ಬೇರೆ ತಾಟು, ಬೇರೆ ಚಂಬು, ಬೇರೆ ಕೌದಿ. ಒಲೆ ಇಲ್ಲ, ನೀರು ಇಲ್ಲ, ಜಗಲಿ ಸಾರಿಸುವುದಿಲ್ಲ. ಹಿರಿಯರು ಬಹಳ ವಿಚಾರ ಮಾಡಿ ಮಾಡಿದ ಪದ್ಧತಿ ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೆಂಗಸಿಗೆ ವಿಶ್ರಾಂತಿ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಯಾವಾಗ ಬೇಕು ಎಂದು ಒಬ್ಬ ಹೆಂಗಸನ್ನು ಕೇಳಲು ಮಾತ್ರ ಪಾಪ, ಪುರುಸೊತ್ತು ಸಿಕ್ಕಿರಲಿಲ್ಲ. ಬೆಂಕಿ ಉರಿಯುವಾಗ ಹನುಮಂತಮ್ಮ ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಆರಿ ತಣ್ಣಗಾದ ಮೇಲೆ ಅವಳನ್ನು ಚಾಪೆಯ ಮೇಲೆ ಕೂರಿಸಿ ಗಾಳಿ ಹಾಕುತ್ತಿದ್ದರು.

ದೇವದುರ್ಗದಲ್ಲಿ ಅಪ್ಪ ಆದೆಪ್ಪನಿಗೆ ಮಾತ್ರ ರೋಗದ ಹೆಸರು ಖಚಿತವಾಗಿ ಗೊತ್ತಿತ್ತು. ಅಮವಾಸ್ಯೆ. ಆರಂಭದ ಕೆಲವು ತಿಂಗಳು ಆ ವಾರ ಅಮವಾಸ್ಯೆಯ ಹತ್ತಿರವೇ ಬಿದ್ದದ್ದರಿಂದ ಅವನಿಗೆ ಸಾಕ್ಷಿಯೂ ಸಿಕ್ಕಿತ್ತು. ಮಗಳನ್ನು ದೇವಸುಗೂರಿಗೆ ಕರೆದೊಯ್ದು ಕೃಷ್ಣೆಯಲ್ಲಿ ಮುಳುಗಿಸಿ ಎಬ್ಬಿಸಿದ. ಬಾಗಿಲಿಗೆ ನಿಂಬೆಹಣ್ಣು ಕಟ್ಟಿಸಿದ. ಮುಂದೆ ಮುಟ್ಟಿನ ದಿನ ತನ್ನಷ್ಟಕ್ಕೆ ಜರುಗುತ್ತ ಜರುಗುತ್ತ ಆ ವಾರ ಹುಣ್ಣಿಮೆಗೆ ಹೋಗಿ ಮುಟ್ಟಿತು. ಅಮವಾಸ್ಯೆಯ ದಿನ ಆದೆಪ್ಪ ಫೋನು ಮಾಡಿದ.

“ಆರಾಮ ಅದಿಯೇನವ್ವಾ?”

“ಆರಾಮ ಅದೀನಪ್ಪಾ. ನಗಾಕತ್ತೀನಿ ನೋಡು.”

“ಮತ್ತ! ನಿಂಬಿಹಣ್ಣು ಅಂದ್ರ ಏನಂತ ತಿಳಿದಿದ್ದಿ?”

ಹುಣ್ಣಿಮೆಯ ದಿನ ಮಗಳು ಬಚ್ಚಲಲ್ಲಿ ಕುಳಿತು ಅಳುತ್ತಿದ್ದಾಗ ಅವನು ಫೋನು ಮಾಡಲಿಲ್ಲ. ಹುಣ್ಣಿಮೆಯಂದು ಯಾರಿಗಾದರೂ ಏನಾಗುತ್ತದೆ?

ಹನುಮಂತಮ್ಮ ನರ್ಸು. ರಾಯಚೂರಿನದೇ ಒಂದು ಖಾಸಗಿ ಹೆರಿಗೆ ಆಸ್ಪತ್ರೆ, ಮಾನ್ವಿಯಲ್ಲಿ ಅದಕ್ಕೊಂದು ಶಾಖೆ. ಲೇಬರ್ ರೂಮೆಂದರೆ ಆಕೆಯ ಜೀವ. ಹೊಟ್ಟೆಯ ಮೇಲೆ ಕೈ ಇಟ್ಟು ಬಸುರಿಯ ಜೊತೆ ಮಾತಾಡುತ್ತ, ಹೆದರಿದವಳನ್ನು ನಗಿಸುತ್ತ, ಕೊನೆಗೆ ಕೈಗೆ ಬಂದ ಒದ್ದೆ ಬಿಸಿ ಜೀವವನ್ನು ತಾಯಿಯ ಎದೆಯ ಮೇಲೆ ಇಡುವ ಆ ಗಳಿಗೆಗಾಗಿ ಆಕೆ ದುರುಗೇಶನನ್ನೂ, ಸಂಬಳದ ದಿನವನ್ನೂ, ಹಸಿವನ್ನೂ ಮರೆಯಬಲ್ಲಳು. ಬಂದ ಪ್ರತಿ ಹೆಂಗಸಿಗೂ ಆಕೆ ಕೇಳುವ ಮೊದಲ ಪ್ರಶ್ನೆ: “ಕಡೀಸಲ ಯಾವಾಗ ಮುಟ್ಟಾಗಿದ್ದಿ?” ಹಗಲೆಲ್ಲ ಅದೇ ಪ್ರಶ್ನೆ. ಆಕೆಗೆ ಮಾತ್ರ ಅದನ್ನು ಯಾರೂ ಕೇಳಿದ್ದಿಲ್ಲ, ಆಕೆಯೂ ಕೇಳಿಕೊಂಡದ್ದಿಲ್ಲ. ನರ್ಸಿಂಗ್ ಓದುವಾಗ ಮುಟ್ಟಿಗೆ ಮುಂಚಿನ ಮನಸ್ಸಿನ ತೊಂದರೆಯ ಬಗ್ಗೆ ಅರ್ಧ ಪುಟ ಇತ್ತು. ಪರೀಕ್ಷೆಗೆ ಬರುವುದಿಲ್ಲ ಬಿಡ್ರಿ ಎಂದು ಮೇಡಂ ಹೇಳಿದ್ದರು. ಬರಲೂ ಇಲ್ಲ.

ಆಸ್ಪತ್ರೆಯಲ್ಲೂ ಒಂದು ಪದ್ಧತಿ ಇತ್ತು. ಲೇಬರ್ ರೂಮಿನ ಬಾಗಿಲ ಮೇಲೆ ದೇವಿಯ ಫೋಟೊ, ಅದರ ಕೆಳಗೊಂದು ದೀಪ. ಹೊರಗಾದ ಸಿಸ್ಟರುಗಳು ಆ ಬಾಗಿಲು ದಾಟುವಂತಿಲ್ಲ ಎಂಬುದು ಯಜಮಾನಿಯ ಅತ್ತೆಯ ಕಾಲದಿಂದ ಬಂದ ನಿಯಮ. ಅಂಥವರನ್ನು ಆ ದಿನಗಳ ಮಟ್ಟಿಗೆ ಲಸಿಕೆ ಕೋಣೆಗೆ ಹಾಕುತ್ತಿದ್ದರು. ಬಾಗಿಲ ಆಚೆ ಹಗಲೂ ರಾತ್ರಿ ರಕ್ತ ತೊಳೆಯುವ ಕೆಲಸ. ಗೋಡೆಗೆ ರಕ್ತ, ನೆಲಕ್ಕೆ ರಕ್ತ, ಬಕೆಟ್ಟಿನಲ್ಲಿ ರಕ್ತ. ಅದು ಯಾವುದೂ ದೇವಿಗೆ ತೊಂದರೆ ಕೊಡುತ್ತಿರಲಿಲ್ಲ. ಸಿಸ್ಟರುಗಳದ್ದು ಮಾತ್ರ ಆಗಿಬರುತ್ತಿರಲಿಲ್ಲ.

ಹೀಗೆ ಮನೆಯಲ್ಲಿ ಚಾಪೆ, ಆಸ್ಪತ್ರೆಯಲ್ಲಿ ಲಸಿಕೆ ಕೋಣೆ. ಎರಡೂ ಕಡೆ ಆಕೆಗೆ ಬಿಡುವು ಸಿಗುತ್ತಿತ್ತು. ಎರಡೂ ಕಡೆ ಒಂದು ವಾರ ತಡವಾಗಿ.

ಗುಂಜಹಳ್ಳಿಯಿಂದ ಒಬ್ಬ ಹುಡುಗಿ ಹೆರಿಗೆಗೆ ಬಂದದ್ದು ಅಂಥ ಒಂದು ವಾರದಲ್ಲೇ. ಚೊಚ್ಚಲು. ನೋವು ಬಂದಾಗಲೆಲ್ಲ “ಯವ್ವಾ, ಯವ್ವಾ” ಎನ್ನುತ್ತ ಹನುಮಂತಮ್ಮನ ಕೈ ಹಿಡಿದುಕೊಳ್ಳುತ್ತಿತ್ತು. ಬೇರೆ ದಿನವಾಗಿದ್ದರೆ ಆ ಕೈಯನ್ನು ಆಕೆ ಬಿಡುತ್ತಲೇ ಇರಲಿಲ್ಲ. ಅಂದು ಆ ಹಿಡಿತ ಮೈಮೇಲೆ ಹುಳು ಹರಿದಂತಾಯಿತು. ಕೈ ಕಿತ್ತುಕೊಂಡು, “ಸಾಯಿ ಹೋಗು, ಒದರಬ್ಯಾಡ!” ಎಂದು ಚೀರಿದಳು. ತನ್ನ ಬಲಗೈ ಮೇಲೆದ್ದು ನಿಂತದ್ದು ಆಮೇಲೆ ಕಾಣಿಸಿತು. ಹೊಡೆಯಲಿಲ್ಲ. ಆದರೆ ಎತ್ತಿದ್ದಳು. ಹುಡುಗಿ ಅದನ್ನು ನೋಡಿತು, ನೋಡಿ, ಒದರುವುದನ್ನು ಬಿಟ್ಟಿತು. ಕೂಸು ಹುಟ್ಟುವ ತನಕ ತುಟಿ ಕಚ್ಚಿಕೊಂಡೇ ಇತ್ತು.

ಯಾರಾದರೂ ಜಗಳ ತೆಗೆಯುತ್ತಾರೆಂದು ಹನುಮಂತಮ್ಮ ಕಾದಳು. ಹುಡುಗಿಯ ಅತ್ತೆ ಪೇಡೆಯ ಡಬ್ಬಿ ಹಿಡಿದು ಬಂದಳು.

“ಚಲೋ ಬೈದ್ರಿ ಸಿಸ್ಟರ್. ಇಲ್ಲಂದ್ರ ಇದು ಹಡೀತಿರಲಿಲ್ಲ. ಹಿಂದಿನ ಸಲ ನನ್ನ ಮಗಳನ್ನ ಬ್ಯಾರೆ ದವಾಖಾನಿಗೆ ಒಯ್ದಿದ್ವಿ, ಅಲ್ಲಿ ಬಡದೇ ಬಿಟ್ರು. ನೀವು ಭಾಳ ಒಳ್ಳೇರು.”

ಮ್ಯಾನೇಜರ್ ಚನ್ನವೀರ ಕೂಡ ಒಂದು ಪೇಡೆ ತಿಂದು, “ಶಿಸ್ತು ಅಂದ್ರ ನಮ್ಮ ಹನುಮಂತಮ್ಮ ಸಿಸ್ಟರ್‌ದು” ಎಂದ. ಹನುಮಂತಮ್ಮ ತನ್ನ ಪಾಲಿನ ಪೇಡೆಯನ್ನು ಡಬ್ಬಿಗೇ ವಾಪಸು ಹಾಕಿದಳು. ಮುಂದಿನ ತಿಂಗಳು ಎತ್ತಿದ ಕೈ ಕೆಳಗೆ ಬಂದರೆ? ಕೈಯಲ್ಲಿ ಸಿರಿಂಜು ಇದ್ದಾಗ ತಲೆಯೊಳಗಿನ ಗಿರಣಿ ಜೋರಾದರೆ? ತಡೆಯುವವರು ಯಾರೂ ಇಲ್ಲ. ಪೇಡೆ ಹಂಚುವವರು ಬೇಕಾದಷ್ಟು ಇದ್ದಾರೆ.

ಆಕೆ ಮಾನ್ವಿಯ ಬಸ್ಸು ಹತ್ತಿದಳು. ರಾಯಚೂರಿನಲ್ಲಿ ಮನಸ್ಸಿನ ಡಾಕ್ಟರು ಇಲ್ಲವೆಂದಲ್ಲ. ಅವರ ಬಾಗಿಲ ಮುಂದೆಯೇ ಆಟೊ ಸ್ಟ್ಯಾಂಡು. ಅಲ್ಲಿನ ಚಾಲಕರೆಲ್ಲ ದುರುಗೇಶನ ದೋಸ್ತರು. ಮಾನ್ವಿಯಲ್ಲಿ ವಾರಕ್ಕೊಮ್ಮೆ ಒಬ್ಬ ಮನೋವೈದ್ಯೆ ಬಂದು ಕೂರುತ್ತಾರೆಂದು ಕೇಳಿದ್ದಳು. ಕಣ್ಣಷ್ಟೇ ಕಾಣುವಂತೆ ಓಢಣಿ ಸುತ್ತಿಕೊಂಡು, ಯಾರಿಗೂ ಗುರುತು ಸಿಗದ ಹೆಮ್ಮೆಯಲ್ಲಿ ಹೋಗಿ ಬೆಂಚಿನ ಮೇಲೆ ಕುಳಿತಳು. ಎದುರು ಬೆಂಚಿನಲ್ಲಿ ಅದೇ ರೀತಿ ಓಢಣಿ ಸುತ್ತಿಕೊಂಡ ಇನ್ನಿಬ್ಬರು. ಹನುಮಂತಮ್ಮ ಕಣ್ಣು ಕೆಳಗಿಳಿಸಿದಳು. ಇಬ್ಬರ ಕಾಲಲ್ಲೂ ಡ್ಯೂಟಿಯ ಬಿಳಿ ಚಪ್ಪಲಿ. ಅವರೂ ಆಕೆಯ ಕಾಲು ನೋಡಿದರು. ಮೂವರೂ ಒಟ್ಟಿಗೆ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಮಾನ್ವಿ ಸಿಸ್ಟರುಗಳು ರಾಯಚೂರಿಗೆ ಹೋಗ್ತಾರ, ರಾಯಚೂರವರು ಇಲ್ಲಿಗೆ ಬರ್ತೀರಿ,” ಎಂದರು ಡಾಕ್ಟರಮ್ಮ. “ಬಸ್ಸಿನ್ಯಾಗ ಹೆಂಗಸರಿಗೆ ಪುಕ್ಕಟೆ ಆಗಿದ್ದು ಚಲೋನ ಆತು ಬಿಡ್ರಿ.”

ಎರಡು ತಿಂಗಳು ಯಾವ ದಿನ ಹೇಗಿತ್ತು ಎಂದು ಗಮನಿಸಿ ಬರಲು ಹೇಳಿದರು. ಹನುಮಂತಮ್ಮ ಗಮನಿಸಿದಳು, ಮತ್ತೆ ಹೋದಳು. ಆಗ ಡಾಕ್ಟರಮ್ಮ ಹೆಸರು ಹೇಳಿದರು. ಪಿಎಂಡಿಡಿ. ಮುಟ್ಟಿಗೆ ಮುಂಚೆ ಬರುವ, ಮನಸ್ಸನ್ನೇ ಕೆಡವುವ ರೋಗ. ಬಹಳ ಹೆಂಗಸರಿಗೆ ಆಗುವ ಸಣ್ಣಪುಟ್ಟ ಬೇಸರವಲ್ಲ, ಅದರ ಹತ್ತು ಪಟ್ಟು. ಅಮವಾಸ್ಯೆಯೂ ಅಲ್ಲ, ಸೊಕ್ಕೂ ಅಲ್ಲ. ಗುಳಿಗೆ ಇದೆ, ನಿಧಾನ ಹಿಡಿತಕ್ಕೆ ಬರುತ್ತದೆ.

“ಅಲ್ಲೀತನಕಾ ಆ ವಾರ ಲೇಬರ್ ರೂಮಿನ್ಯಾಗ ಒಬ್ಬಾಕೀನ ಇರಬ್ಯಾಡ್ರಿ. ಮ್ಯಾನೇಜರ್ರಿಗೆ ಹೇಳ್ರಿ, ಡ್ಯೂಟಿ ಬದಲಿ ಮಾಡಿಕೊಡ್ತಾರ. ದವಾಖಾನಿ ಅಲ್ಲೇನು ಅದು? ತಿಳೀತದ ಅವರಿಗೆ.”

ದವಾಖಾನೆಯವರಿಗೆ ತಿಳಿಯುತ್ತದೆ ಎಂದು ನಂಬುವಷ್ಟು ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು.

ಚನ್ನವೀರ ಅಷ್ಟರಲ್ಲಿ ದೊಡ್ಡ ಸ್ತ್ರೀಪರ ಮನುಷ್ಯನಾಗಿದ್ದ. ಸರಕಾರ ತಿಂಗಳಿಗೊಂದು ಮುಟ್ಟಿನ ರಜೆ ಎಂದ ಕೂಡಲೇ ಆಸ್ಪತ್ರೆಯ ಅಂಗಳದಲ್ಲಿ ಗುಲಾಬಿ ಬಣ್ಣದ ಫಲಕ ಹಾಕಿಸಿ, ಸಿಸ್ಟರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದು ಹೂವು ಕೊಟ್ಟು ಫೋಟೊ ತೆಗೆಸಿದ್ದ. ಹನುಮಂತಮ್ಮ ಆ ಫಲಕದ ಮುಂದಿನಿಂದಲೇ ಅವನ ಕೋಣೆಗೆ ಹೋಗಿ, ಆ ಒಂದು ವಾರ ನನ್ನನ್ನು ಲಸಿಕೆ ಕೋಣೆಗೆ ಹಾಕ್ರಿ, ಉಳಿದ ದಿನ ಎಷ್ಟು ರಾತ್ರಿ ಡ್ಯೂಟಿ ಹಾಕಿದರೂ ಮಾಡ್ತೀನಿ ಎಂದಳು.

“ಆಗೀರೇನು?” ಎಂದ ಚನ್ನವೀರ, ಮರ್ಯಾದೆಗಾಗಿ ಕಿಟಕಿಯ ಕಡೆ ನೋಡುತ್ತ.

“ಇಲ್ಲ್ರಿ ಸರ್. ಆಗೋಕಿಂತ ಮೊದಲ.”

“ಆದ ಮ್ಯಾಲ ಬ್ಯಾಡೇನು?”

“ಆದ ಮ್ಯಾಲ ನಾ ಬರಾಬರಿ ಇರ್ತೀನ್ರಿ.”

“ಅದೆಂಗ ಸಿಸ್ಟರ್? ಸರಕಾರ ಕೊಟ್ಟಿದ್ದು ಆದವರಿಗೆ. ಆಗದವರಿಗೆ ಕೊಡಾಕ ಯಾವ ಕಾಯ್ದೆ ಅದ?” ಎಂದು, ಡಾಕ್ಟರರ ಚೀಟಿ ಇದೆಯೇ ಎಂದು ಕೇಳಿದ. ಹನುಮಂತಮ್ಮ ಕೊಟ್ಟಳು. ಚೀಟಿಯ ತಲೆಯ ಮೇಲೆ ಡಾಕ್ಟರಮ್ಮನ ವಿದ್ಯೆ ಏನೆಂದು ಓದಿದವನೇ ಕಾಲುಗಳನ್ನು ಕುರ್ಚಿಯ ಕೆಳಗೆ ಹಿಂದಕ್ಕೆ ಎಳೆದುಕೊಂಡ.

“ಮೆಂಟಲ್ ಡಾಕ್ಟರ್!”

“ಮನಸ್ಸಿನ ಡಾಕ್ಟರ್ ರೀ.”

“ಎರಡೂ ಒಂದ ಅಲ್ಲೇನ್ರಿ? ನೋಡ್ರಿ, ನಾ ಈ ಚೀಟಿ ನೋಡೇ ಇಲ್ಲ ಅಂತ ತಿಳೀರಿ. ಇದನ್ನ ಫೈಲಿನ ಒಳಗ ತಗೊಂಡೆ ಅಂದ್ರ ನಿಮ್ಮನ್ನ ಲೇಬರ್ ರೂಮಿನ್ಯಾಗ ಒಂದು ದಿನಾನೂ ಇಡಾಕ ಬರಂಗಿಲ್ಲ. ಮಾನ್ವಿ ಶಾಖಾದಾಗ ಬಿಲ್ಲಿಂಗ್ ಕೌಂಟರ್ ಖಾಲಿ ಅದ, ಅಲ್ಲಿ ಕೂಡಸಬೇಕಾಗ್ತದ. ರೊಕ್ಕ ಎಣಿಸಾಕ ಮನಸ್ಸು ಬೇಕಾಗಂಗಿಲ್ಲ. ಏನ್ ಮಾಡೋಣ?”

ಹನುಮಂತಮ್ಮ ಚೀಟಿ ಮಡಚಿಕೊಂಡು ಹೊರಗೆ ಬಂದಳು. ಒಂದು ವಾರ ಬಿಡುವು ಕೇಳಲು ಹೋಗಿ ಇಡೀ ಲೇಬರ್ ರೂಮನ್ನೇ ಕಳೆದುಕೊಳ್ಳುವ ಹಾದಿಗೆ ಬಂದಿದ್ದಳು. ಮೆಟ್ಟಿಲ ಹತ್ತಿರ ಆಯಾ ಗೋಪಮ್ಮ ಸಿಕ್ಕಳು. ಗೋಪಮ್ಮನ ಮನೆ ಹನುಮಂತಮ್ಮನ ಓಣಿಯಲ್ಲೇ. ಗೋಡೆಯ ಆಚೆ ನಿಂತು ಅವಳು ಎಲ್ಲ ಕೇಳಿಸಿಕೊಂಡಿದ್ದಳು, ಅದನ್ನು ಮುಚ್ಚಿಡುವ ಕಷ್ಟಕ್ಕೂ ಹೋಗಲಿಲ್ಲ.

“ಓದಿದವರಿಗೆ ಬುದ್ಧಿ ಕಡಿಮಿ ನೋಡು. ಜಡ್ಡು ಅಂತ ಯಾಕ ಹೇಳಾಕ ಹೋದಿ? ಹೊರಗಾಗೀನಿ ಅನ್ನು. ಚೀಟಿ ಕೇಳ್ತಾರೇನು? ಕಾಯ್ದೆ ಕೇಳ್ತಾರೇನು? ಮಾರು ದೂರ ನಿಂತು, ಹೋಗ್ರಿ ಹೋಗ್ರಿ ಲಸಿಕಿ ಕ್ವಾಣಿಗೆ ಅಂತಾರ.”

“ಸುಳ್ಳು ಹೇಳ್ಲೇನು ಅಕ್ಕಾ?”

“ಖರೇ ಹೇಳಿ ಬಂದಿಯಲ್ಲ ಈಗ, ಏನು ಸಿಕ್ತು?”

ಮುಂದಿನ ತಿಂಗಳು ತಲೆಯೊಳಗೆ ಸದ್ದು ಎದ್ದ ಮುಂಜಾನೆ ಹನುಮಂತಮ್ಮ ಅತ್ತೆಗೆ “ಹೊರಗಾಗೀನಿ” ಎಂದಳು. ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಓಣಿಯಲ್ಲೂ ಹೇಳಲೇಬೇಕು, ಗೋಪಮ್ಮನ ಬಾಯಿ ಎರಡಕ್ಕೂ ಸೇತುವೆ. ಬೂದೆಮ್ಮ ಚಾಪೆ ತಂದಳು. ಚನ್ನವೀರ ಕಿಟಕಿಯ ಕಡೆ ನೋಡುತ್ತ ಲಸಿಕೆ ಕೋಣೆಗೆ ಕಳಿಸಿದ. ರೋಗಕ್ಕೆ ತೆರೆಯದ ಬಾಗಿಲು ಮೈಲಿಗೆಗೆ ತಾನಾಗಿ ತೆರೆಯಿತು.

ಮೂರು ದಿನ, ಲಸಿಕೆ ಕೋಣೆಯ ಬೆಳಗಿನ ಡ್ಯೂಟಿ ಮುಗಿಸಿ ಬಂದು, ಆಕೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಯಾರೂ ಮುಟ್ಟಲಿಲ್ಲ. ಯಾರೂ ಮುಟ್ಟದಿರುವುದು ಅಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ರಿಬ್ಬನ್ನು ಅತ್ತೆ ಕಟ್ಟಿದಳು, ರೊಟ್ಟಿಯ ಅಂಚು ಯಾರು ಬಿಟ್ಟರೋ ಕಾಣಲಿಲ್ಲ. ಅಳು ಬಂದಾಗ ಅತ್ತಳು, ಅದಕ್ಕೆ ಕಾರಣ ಹೇಳಬೇಕಾಗಲಿಲ್ಲ. ಮಧ್ಯಾಹ್ನದ ಬಿಸಿಲು ಗವಾಕ್ಷಿಯಿಂದ ಇಳಿದು ಕೌದಿಯ ಹೊಲಿಗೆಗಳ ಮೇಲೆ ಮೆಲ್ಲಗೆ ಸರಿಯುವುದನ್ನು ನೋಡುತ್ತ, ಸಾಯುವ ಯೋಚನೆ ಬಂದು, ಸ್ವಲ್ಪ ಹೊತ್ತು ಪಕ್ಕದಲ್ಲಿ ಕುಳಿತು, ತಾನೇ ಎದ್ದು ಹೋದದ್ದನ್ನು ಕಂಡಳು. ನಾಲ್ಕನೆಯ ದಿನ ಮಿಂದು ಎದ್ದಳು. ಉಳಿದ ದಿನಗಳನ್ನು ಗುಳಿಗೆ ನುಂಗಿ, ಹಲ್ಲು ಕಚ್ಚಿ ದಾಟಿದಳು. ಆ ತಿಂಗಳು ಯಾರ ಮೇಲೂ ಕೈ ಏಳಲಿಲ್ಲ.

ಒಂದು ಸಂಗತಿಯನ್ನು ಮಾತ್ರ ಗೋಪಮ್ಮನೂ ಯೋಚಿಸಿರಲಿಲ್ಲ, ಹನುಮಂತಮ್ಮನೂ ಯೋಚಿಸಿರಲಿಲ್ಲ. ಸುಳ್ಳು ಮುಟ್ಟಿನ ಹಿಂದೆ ಖರೆ ಮುಟ್ಟು ಬರುತ್ತಲೇ ಇತ್ತು. ಬಂತು. ಅದನ್ನು ಮುಚ್ಚಿಟ್ಟು ಒಲೆ ಮುಟ್ಟುವ ಧೈರ್ಯ ಹನುಮಂತಮ್ಮನಿಗೆ ಇರಲಿಲ್ಲ. ಹೊರಗಾಗದೆ ಆಗೀನಿ ಎನ್ನಬಹುದು, ಆಗಿ ಆಗಿಲ್ಲ ಎಂದರೆ ದೇವರ ಜಗಲಿಗೆ ಏನು ಹೇಳುವುದು? ಓದು, ಕೆಲಸ, ಲೇಬರ್ ರೂಮು ಎಲ್ಲ ಅಲ್ಲಿಗೆ ಬಂದು ನಿಂತವು. ಮತ್ತೆ ಮೂಲೆಗೆ ಹೋಗಿ ಕುಳಿತಳು.

“ಮತ್ತ ಆದಿಯಾ?” ಎಂದಳು ಬೂದೆಮ್ಮ.

ಮರುತಿಂಗಳೂ ಹೀಗೇ ಆಯಿತು. ಮೊದಲೊಮ್ಮೆ, ಆಮೇಲೊಮ್ಮೆ. ಬೂದೆಮ್ಮ ಗೋಪಮ್ಮನಿಗೆ ಹೇಳಿದಳು, ಓಣಿಗೆ ಹೇಳಿದಳು, ಫೋನಿನಲ್ಲಿ ದೇವದುರ್ಗಕ್ಕೂ ಹೇಳಿದಳು. ತಿಂಗಳಿಗೆ ಎರಡು ಸಲ! ಉಪಾಯ ಹೇಳಿಕೊಟ್ಟಿದ್ದ ಗೋಪಮ್ಮ ಗಾಬರಿಯಾಗಿ, ಮೊದಲಿನದು ಸುಳ್ಳೆಂದು ಬಾಯಿ ಬಿಡಲಿಲ್ಲ. ಸುದ್ದಿ ದೊಡ್ಡ ಮೇಡಂ ವಿಜಯಲಕ್ಷ್ಮಿಯವರಿಗೆ ಮುಟ್ಟಿತು. ಅವರು ಬಹಳ ಕಾಳಜಿಯ ಡಾಕ್ಟರು, ಆಸ್ಪತ್ರೆಯ ಯಜಮಾನಿ. ಕೂಡಲೇ ಸ್ಕ್ಯಾನ್ ಮಾಡಿಸಿದರು. ಆ ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಯಾರನ್ನೂ ಬರಿಗೈಯಲ್ಲಿ ಕಳಿಸಿದ ದಾಖಲೆ ಇಲ್ಲ. ಕಡಲೆಕಾಳಿನಷ್ಟು ಒಂದು ಗಡ್ಡೆ ಸಿಕ್ಕಿತು.

“ಇಬ್ಬರು ಮಕ್ಕಳಾಗ್ಯಾವಲ್ಲ, ಗರ್ಭಚೀಲ ತಗಿಸಿಬಿಡು ಹನುಮಂತಮ್ಮ,” ಎಂದು ಮೇಡಂ ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿದರು. “ನಮ್ಮ ಸ್ಟಾಫು, ನಿನಗ ಅರ್ಧ ರೇಟು.”

ಬೂದೆಮ್ಮನಿಗೆ ಒಪ್ಪಿಗೆಯಾಯಿತು. ಆದೆಪ್ಪನಿಗೂ ಒಪ್ಪಿಗೆಯಾಯಿತು, ನಿಂಬೆಹಣ್ಣಿನ ಕೈ ಮೀರಿದ್ದು ಎಂದು ಅವನೇ ಹೇಳಿದ. ದುರುಗೇಶ ಆ ದಿನ ಆಟೊ ಬಿಡುವುದಿಲ್ಲ ಎಂದ. ಚನ್ನವೀರನಿಗಂತೂ ನಿಜವಾದ ಸಂತೋಷ. “ಇದಕ್ಕಂದ್ರ ಚೀಟಿ ಗೀಟಿ ಏನೂ ಬೇಕಿಲ್ಲ ಸಿಸ್ಟರ್. ನಲವತ್ತು ದಿನ ಪಗಾರ ಸಮೇತ ರಜಾ!” ಒಂದು ವಾರದ ಡ್ಯೂಟಿ ಬದಲಿಗೆ ಕಾಯ್ದೆ ಹುಡುಕಿದವನು ಒಂದು ಅಂಗ ಕಳೆದುಕೊಳ್ಳಲು ರಜೆ ಹುಡುಕಿ ಕೊಟ್ಟಿದ್ದ.  ಮೊದಲಿನದು ಸುಳ್ಳೆಂದು ಒಪ್ಪಿಕೊಂಡರೆ ಹನುಮಂತಮ್ಮನಿಗೆ ಮಾನ್ವಿಯ ಬಿಲ್ಲಿಂಗ್ ಕೌಂಟರು, ಸುಮ್ಮನಿದ್ದರೆ ಆಪರೇಷನ್ ಟೇಬಲ್ಲು.

ಭರ್ತಿಯಾಗುವ ದಿನವೂ ಬಂತು. ಹೋದ ವಾರ ಸುಳ್ಳು ಮುಟ್ಟು ಆಗಿತ್ತು, ನಿನ್ನೆ ಖರೆ ಮುಟ್ಟು ಆಗಿತ್ತು. ಹನುಮಂತಮ್ಮನ ತಲೆ ತೊಳೆದಿಟ್ಟ ತಾಟಿನಂತೆ ಸ್ವಚ್ಛವಾಗಿತ್ತು. ಲೇಬರ್ ರೂಮಿನ ಎದುರಿನ ಬೆಂಚಿನಲ್ಲಿ ಬೂದೆಮ್ಮ ಗಂಜಿಯ ಡಬ್ಬಿ ಹಿಡಿದು ಕುಳಿತಿದ್ದಳು. ದುರುಗೇಶ ನೈಟಿ, ಟವೆಲ್ಲು ತುಂಬಿದ ಚೀಲ ಹಿಡಿದಿದ್ದ. ಚನ್ನವೀರ ಪೆನ್ನು ಹಿಡಿದು, “ಇಲ್ಲೊಂದು ಸಹಿ ಸಿಸ್ಟರ್” ಎಂದ. ಒಳಗೆ ಯಾವಳೋ ಒಬ್ಬಳು ನೋವಿನಿಂದ ಒದರುತ್ತಿದ್ದಳು. ಯವ್ವಾ, ಯವ್ವಾ.

ಹನುಮಂತಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ.

“ಅತ್ತೀ, ನನಗ ತಿಂಗಳಿಗೆ ಎರಡು ಸಲ ಆಗಂಗಿಲ್ಲ. ಮೊದಲಿಂದು ಸುಳ್ಳು.”

ಬೂದೆಮ್ಮ ಡಬ್ಬಿಯನ್ನು ಕೆಳಗಿಟ್ಟಳು.

“ಅಂದ್ರ ನಾನು ಈ ಮಣಕಾಲು ನೋವಿನ್ಯಾಗ ಮೂರ್ ಮೂರ್ ದಿನ ನೀರು ಹೊತ್ತಿದ್ದು ಸುಳ್ಳಿಗಾ?”

“ಸುಳ್ಳಿಗಲ್ಲ. ಆ ವಾರ ನಾ ಹುಚ್ಚಿ ಆಗ್ತೀನಿ ಅತ್ತಿ. ನಿಮಗೂ ಗೊತ್ತದ. ಮುಟ್ಟಾಗೋಕಿಂತ ಮೊದಲ ತಲ್ಯಾಗ ಬರೋ ಜಡ್ಡು ಅದು, ಅದಕ್ಕ ಹೆಸರದ, ಗುಳಿಗಿ ಅದ. ಗರ್ಭಚೀಲ ತಗಿಸೋವಂಥಾದ್ದು ಏನೂ ಇಲ್ಲ. ಈ ಎರಡು ತಿಂಗಳು ನಾ ಹುಡುಗರಿಗೆ ಬಡದೀನೇನು? ನಿಮಗ ಒದರೀನೇನು? ನೆಪ್ಪ ಮಾಡಿಕೊಳ್ರಿ.”

ಬೂದೆಮ್ಮ ನೆನಪು ಮಾಡಿಕೊಂಡಳು.

“ಇಲ್ಲ,” ಎಂದಳು ನಿಧಾನಕ್ಕೆ. “ದೇವರು ಕಣ್ಣು ಬಿಟ್ಟ ಅಂತ ಕಾಯಿ ಒಡಸಿದೆ. ಎರಡು ಕಾಯಿ.” ಸೊಸೆಯ ಕಡೆ ತಿರುಗಿದಳು. “ಖರೇವಂದು ಆದಾಗ ನಿನಗ ಆರಾಮ ಇರ್ತದೇನು?”

“ಹಾಡು ಹಾಡಬೇಕು ಅನ್ನಂಗ ಇರ್ತದ.”

“ಮತ್ತ ಆವಾಗ ಯಾಕ ನಾ ನೀರು ಹೊರಬೇಕು? ಒಂದು ಕೆಲಸ ಮಾಡು. ಕುಂಡ್ರೋದು ಮೊದಲ ಕುಂತುಬಿಡು. ಆಮ್ಯಾಲ ಆದಾಗ ಎದ್ದು ಕೆಲಸ ಮಾಡು. ಮೂರು ದಿನ ಅಂದ್ರ ಮೂರು ದಿನ, ಲೆಕ್ಕ ಬರಾಬರಿ ಆತು.”

“ಯವ್ವಾ, ದೇವರು?” ಎಂದ ದುರುಗೇಶ ಚೀಲ ಅಪ್ಪಿಕೊಂಡು.

“ದೇವರಿಗೆ ನಾ ಹೇಳ್ತೀನಿ. ನೀ ಶಕ್ತಿನಗರಕ್ಕ ಓಡಿ ಹೋಗೋದು ಬಿಡು ಮೊದಲ, ಭಾಡ್ಯಾ.”

ತಲೆತಲಾಂತರದ ಪದ್ಧತಿಯೊಂದನ್ನು ಮೊಣಕಾಲು ನೋವಿನ ಮುದುಕಿ ಗಂಜಿಯ ಡಬ್ಬಿಯ ಪಕ್ಕದಲ್ಲಿ ಒಂದು ವಾರ ಹಿಂದಕ್ಕೆ ಸರಿಸಿಬಿಟ್ಟಳು. ವಿದ್ಯಾವಂತ ಚನ್ನವೀರನಿಗೆ ಅದು ಸಾಧ್ಯವಿರಲಿಲ್ಲ. ಅವನ ಮುಖ ಕೆಂಪಾಗಿತ್ತು.

“ಅಂದ್ರ ನೀವು ಮ್ಯಾನೇಜ್‌ಮೆಂಟಿಗೆ ಸುಳ್ಳು ಹೇಳೀರಿ! ಸಿಸ್ಟರ್, ಇದು ಸಣ್ಣ ಮಾತಲ್ಲ. ಹಂಗಾದ್ರ ಆ ಮೆಂಟಲ್ ಚೀಟಿ ನಾ ಈಗ ಒಳಗ ತಗೋಬೇಕಾಗ್ತದ. ಸೋಮವಾರದಿಂದ ಮಾನ್ವಿ. ಬಿಲ್ಲಿಂಗ್.”

“ತಗೊಳ್ರಿ. ನಿಮ್ಮ ಎದುರಿಗೇ ಅದ,” ಎಂದು ಹನುಮಂತಮ್ಮ ಮಡಚಿದ ಚೀಟಿಯನ್ನು ಅವನ ಕೈಯಲ್ಲಿದ್ದ ಕಾಗದಗಳ ಮೇಲಿಟ್ಟಳು. “ಬಿಲ್ಲಿಂಗಿಗೆ ನಾ ಹೋಗಂಗಿಲ್ಲ. ಆ ಒಂದು ವಾರ ಲೇಬರ್ ರೂಮಿಗೂ ಬರಂಗಿಲ್ಲ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲದಾಗ ಬರಂಗಿಲ್ಲ ಅಂದ್ರ ಬರಂಗಿಲ್ಲ. ಉಳಿದ ದಿನ ಬರ್ತೀನಿ.”

“ಹಂಗ ನೀವ ನೀವ ಠರಾವು ಮಾ...”

ಬಾಗಿಲು ತೆರೆದು ಗೋಪಮ್ಮ ತಲೆ ಹೊರಗೆ ಹಾಕಿದಳು. “ಸಿಸ್ಟರ್, ಜಲ್ದಿ! ದೊಡ್ಡ ಮೇಡಂ ಆಪರೇಷನ್ನಿನ್ಯಾಗ ಅದಾರ, ಇನ್ನೊಬ್ಬ ಸಿಸ್ಟರ್ ಆ ಕಡಿ ಟೇಬಲ್ಲಿನ ಹೆರಿಗ್ಯಾಗ ಸಿಕ್ಕೊಂಡಾಳ. ಇಲ್ಲಿ ತಲಿ ಕಾಣಾಕತ್ತದ!”

ಹನುಮಂತಮ್ಮ ಆಗಲೇ ಕುಪ್ಪಸದ ತೋಳು ಮೇಲೇರಿಸುತ್ತಿದ್ದಳು. ಚನ್ನವೀರ ಅಡ್ಡ ಬಂದು, ಮುಟ್ಟಬಾರದೆಂದು ನೆನಪಾಗಿ ಒಂದು ಹೆಜ್ಜೆ ಹಿಂದೆ ಸರಿದ.

“ಸಿಸ್ಟರ್, ನೀವೀಗ ಖರೇನ ಹೊರಗಾಗೀರಿ! ಆ ಬಾಗಿಲಾ...”

“ಹೌದ್ರಿ, ಇವತ್ತು ಖರೇನ,” ಎಂದಳು ಹನುಮಂತಮ್ಮ ಅವನನ್ನು ಬಳಸಿಕೊಂಡು ನಡೆಯುತ್ತ. “ಒಳಗ ಮಲಗಿದಾಕಿಗೂ ನೀವ ಬಂದು ಹೇಳ್ರಿ, ಸಿಸ್ಟರ್ ಮೂರು ದಿನ ಬಿಟ್ಟು ಬರ್ತಾಳ, ಅಲ್ಲೀಮಟ ತಡಕೋ ಅಂತ, ಇಲ್ಲಾಂದ್ರ ದಾರಿ ಬಿಟ್ಟು ನೀವು ಆ ಚೀಟಿ ಓದ್ಕೋತ ಕುಂಡ್ರ್ರಿ, ನಾ ಹೋಗಿ ಆ ಕೂಸನ್ನ ಹಿಡೀತೀನಿ.” ಮಾತು ಮುಗಿಯುವಷ್ಟರಲ್ಲಿ ಆಕೆ ದೇವಿಯ ಫೋಟೊದ ಕೆಳಗಿನ ಬಾಗಿಲು ದಾಟಿಯಾಗಿತ್ತು.